ಮೊಹರು ಬಿದ್ದ ಮೂವತ್ತೊಂದು ಡಬ್ಬಿ

ಔಷಧ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಎರಡು ಅಡ್ರಿನಲ್ ಗ್ರಂಥಿಗಳೂ ಚೆನ್ನಾಗಿವೆ. ನಲವತ್ತೆಂಟು ವರ್ಷಗಳಿಂದ ಮೂತ್ರಪಿಂಡಗಳ ಮೇಲೆ ಪುಟ್ಟ ಟೋಪಿಗಳಂತೆ ಕೂತು, ಯಾರಿಗೂ ಹೇಳದೆ ಕೇಳದೆ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಂಡಿವೆ. ಅವು ಪೂರ್ತಿ ಕೆಟ್ಟುಹೋಗಿವೆ ಎಂಬ ಸುದ್ದಿ ನನಗೆ ಗೊತ್ತಾದದ್ದು ಮೇ ಇಪ್ಪತ್ತೈದರ ನಿಮ್ಮ ಪತ್ರದಿಂದ. ಅದೇ ದಿನ ಅದೇ ಅಂಚೆಯವನು ನನ್ನ ತಂಗಿ ಬಿಲ್ಯಾನಾಳಿಗೂ ನಿಮ್ಮದೊಂದು ಪತ್ರ ಕೊಟ್ಟ. ಅವಳ ಗ್ರಂಥಿಗಳು ನಿಜವಾಗಿಯೂ ಸತ್ತು ಐದು ವರ್ಷವಾಯಿತು. ನೀವು ಅವಳನ್ನು ರೋಗಿ ಎಂದು ಒಪ್ಪಿಲ್ಲ. ಕಳ್ಳಸಾಗಣೆಗಾರ್ತಿ ಎಂದು ಕರೆದಿದ್ದೀರಿ. ಅವಳು ಬದುಕಿರಲು ಬೇಕಾದ ಮೂವತ್ತೊಂದು ಡಬ್ಬಿ ಮಾತ್ರೆಗಳಿಗೆ ಮೊಹರು ಹಾಕಿ, ಸಾಕ್ಷ್ಯ ಎಂದು ಚೀಟಿ ಅಂಟಿಸಿ, ಗಡಿಯ ಗೋದಾಮಿನಲ್ಲಿ ಇಟ್ಟಿದ್ದೀರಿ. ಈ ಪತ್ರ ಆ ಡಬ್ಬಿಗಳಿಗಾಗಿ. ಹಿಂದೆ ಬರೆದ ಮೂರನ್ನು ಲಕೋಟೆಯೊಳಗಿಟ್ಟು ಕಳಿಸಿದ್ದೆ. ಲಕೋಟೆ ಒಡೆಯುವ ಶ್ರಮ ನಿಮಗೆ ಬೇಡವೆಂದು ಇದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ನಿಮ್ಮ ಕಚೇರಿಗೆ ಈ ಕಾಯಿಲೆಯ ಪರಿಚಯ ಕಡಿಮೆ ಇದ್ದಂತಿದೆ. ಅದಕ್ಕಾಗಿ ನಿಮ್ಮನ್ನು ದೂರಲಾರೆ, ಏಕೆಂದರೆ ನಮ್ಮ ಮನೆಯಲ್ಲೂ ಇರಲಿಲ್ಲ. ಬಿಲ್ಯಾನಾ ನಮ್ಮೂರಿನ ಶಿಶುವಿಹಾರದಲ್ಲಿ ಅಡುಗೆ ಮಾಡುವವಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಐದು ವರ್ಷದ ಹಿಂದಿನ ಚಳಿಗಾಲದಲ್ಲಿ ಅವಳು ಸೊರಗತೊಡಗಿದಳು. ಎಪ್ಪತ್ತು ಮಕ್ಕಳ ಸೂಪಿನ ಹಂಡೆ ಒಬ್ಬಳೇ ಇಳಿಸುತ್ತಿದ್ದವಳಿಗೆ ಸೌಟು ಭಾರವಾಯಿತು. ಮೈಬಣ್ಣ ಮಾತ್ರ ಹೊಳೆಯತೊಡಗಿತು. ಜನವರಿಯ ಹಿಮದಲ್ಲಿ ಅವಳು ಬೇಸಿಗೆಯಿಡೀ ಸಮುದ್ರತೀರದಲ್ಲಿ ಬಿದ್ದುಕೊಂಡು ಬಿಸಿಲಿಗೆ ಕಂದುಬಣ್ಣ ಬರಿಸಿಕೊಂಡವಳಂತೆ ಕಾಣುತ್ತಿದ್ದಳು. ನೆರೆಯವರು ಹೊಟ್ಟೆಕಿಚ್ಚು ಪಟ್ಟರು. ನಾವು ಹೆಮ್ಮೆಪಟ್ಟೆವು.

ಅದರ ಜತೆಗೇ ಕೋಸಿನ ಪೀಪಾಯಿಯ ವಿಷಯ ಬಂತು. ನಿಮ್ಮ ಮನೆಯ ಬಾಲ್ಕನಿಯಲ್ಲೂ ಅಂಥದೊಂದು ಪೀಪಾಯಿ ಇದ್ದೇ ಇರುತ್ತದೆ. ಇಡೀ ಇಡೀ ಕೋಸುಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿ ಚಳಿಗಾಲಕ್ಕೆ ಹುಳಿಯಿಟ್ಟ ಪೀಪಾಯಿ. ಅದರ ಹುಳಿನೀರನ್ನು ಈ ದೇಶದಲ್ಲಿ ಬೆಳಿಗ್ಗೆ ಎದ್ದು ಯಾರು ಕುಡಿಯುತ್ತಾರೆ, ಯಾಕೆ ಕುಡಿಯುತ್ತಾರೆ ಎನ್ನುವುದು ನಿಮಗೂ ಗೊತ್ತು, ನಮ್ಮಮ್ಮನಿಗೂ ಗೊತ್ತು. ರಾತ್ರಿ ರಕಿಯಾ ಸಾರಾಯಿ ಹೆಚ್ಚಾದವರು, ತಲೆ ಹಿಡಿದುಕೊಂಡು. ನನ್ನ ತಂಗಿ ಬೆಳಿಗ್ಗೆ ಒಂದು ಲೋಟ ಕುಡಿದಳು. ಒಂದು ವಾರ ಕಳೆದು ಎರಡು ಲೋಟ. ಕ್ರಿಸ್‌ಮಸ್ ಕಳೆದ ಮೇಲೆ ಸೌಟಿನಲ್ಲೇ.

ಅಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿ ಬಚ್ಚಿಟ್ಟಿದೀಯೇ ಬಾಟ್ಲಿ?"

"ಯಾವ ಬಾಟ್ಲಿ ಅಮ್ಮಾ?"

"ನಿಮ್ಮಪ್ಪನ್ನ ನಲವತ್ತು ವರ್ಷ ಸಾಕಿದೀನಿ ಕಣೇ ನಾನು. ಬೆಳಿಗ್ಗೆ ಎದ್ದು ಕೋಸಿನ ನೀರು ಕುಡಿಯೋರ ರಾತ್ರಿ ಹೇಗಿರತ್ತೆ ಅಂತ ನಂಗೆ ಪಾಠ ಹೇಳ್ಬೇಡ."

"ಉಪ್ಪು ಬೇಕು ಅನ್ಸತ್ತೆ ಅಮ್ಮಾ, ಅಷ್ಟೇ. ಆಣೆಗೂ."

"ಅವ್ರೂ ಹೀಗೇ ಆಣೆ ಹಾಕ್ತಿದ್ರು."

ಅಮ್ಮ ನೆಲಮಾಳಿಗೆಗೆ ಹೋಗಿ ರಕಿಯಾ ಬಾಟಲಿಗಳ ಮೇಲೆಲ್ಲ ಪೆನ್ಸಿಲ್ ಗೆರೆ ಎಳೆದು ಬಂದಳು. ನಾನು ಬುದ್ಧಿವಂತೆ, ಸ್ನಾತಕೋತ್ತರ ಪದವಿ ಪಡೆದವಳು. ಕುಡಿತ ಬಿಡಿಸುವ ವೈದ್ಯರ ದೂರವಾಣಿ ಸಂಖ್ಯೆ ಹುಡುಕಿದೆ. ಗೆರೆಗಳು ಅಲ್ಲಾಡಲಿಲ್ಲ. ಅದರಿಂದ ನಮಗೆ ಅವಳ ಮೇಲೆ ಅನುಮಾನ ಇನ್ನೂ ಹೆಚ್ಚಾಯಿತು: ಹೊರಗೆಲ್ಲೋ ಕುಡಿಯುತ್ತಿದ್ದಾಳೆ. ಫೆಬ್ರವರಿಯ ಒಂದು ಬೆಳಿಗ್ಗೆ ಶಿಶುವಿಹಾರದ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಪಕ್ಕ ಕುಸಿದು ಬಿದ್ದಳು. ರಕ್ತದೊತ್ತಡ ಯಂತ್ರಕ್ಕೆ ಸಿಗಲೇ ಇಲ್ಲ. ಆಸ್ಪತ್ರೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಡಾಕ್ಟರ್ ಚೆರ್ನೇವಾ ಅವಳ ಅಂಗೈ ತಿರುಗಿಸಿ ಗೆರೆಗಳನ್ನು ನೋಡಿದರು. ಕಪ್ಪಗಿದ್ದವು. ವಸಡು ನೋಡಿದರು. ಅದೂ ಕಪ್ಪು. ಆಮೇಲೆ ನಮ್ಮಮ್ಮನನ್ನು ಕೇಳಿದರು: "ಉಪ್ಪುಪ್ಪಗಿರೋದೇನಾದ್ರೂ ಜಾಸ್ತಿ ತಿಂತಿದ್ರಾ ಅಮ್ಮಾ ಇವ್ರು?"

ನಮ್ಮಮ್ಮ ಅತ್ತದ್ದನ್ನು ನಾನು ನೋಡಿದ್ದು ಎರಡೇ ಸಲ. ಅಪ್ಪ ಹೋದಾಗ ಒಮ್ಮೆ, ಆ ಪ್ರಶ್ನೆ ಕೇಳಿದಾಗ ಇನ್ನೊಮ್ಮೆ.

ಅಡಿಸನ್ ಕಾಯಿಲೆ. ದೇಹ ತನ್ನದೇ ಅಡ್ರಿನಲ್ ಗ್ರಂಥಿಗಳನ್ನು ಶತ್ರುವೆಂದು ತಿಳಿದು ಕೊಂದುಹಾಕುತ್ತದೆ. ಅವು ತಯಾರಿಸುತ್ತಿದ್ದ ಕಾರ್ಟಿಸೋಲ್ ಎಂಬ ಹಾರ್ಮೋನು ಇಲ್ಲದೆ ಮನುಷ್ಯ ಹೆಚ್ಚು ದಿನ ಉಳಿಯುವುದಿಲ್ಲ. ಅದನ್ನು ಮಾತ್ರೆಯಲ್ಲಿ ತೆಗೆದುಕೊಂಡರೆ ಮೊಮ್ಮಕ್ಕಳನ್ನು ಆಡಿಸುವವರೆಗೂ ಬದುಕಬಹುದು. ಹೈಡ್ರೋಕಾರ್ಟಿಸೋನ್ ಎಂದು ಅದರ ಹೆಸರು. ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ, ಸಂಜೆ ಅರ್ಧ. ಇಷ್ಟೇ ಚಿಕಿತ್ಸೆ. ಹಳೆಯ ಔಷಧ, ಬಿಳಿ ಮಾತ್ರೆ, ನೋಡಲು ಏನೂ ವಿಶೇಷವಿಲ್ಲ. ಆ ವಸಂತದಲ್ಲಿ ಬಿಲ್ಯಾನಾ ಎದ್ದು ಕೂತಳು, ನಕ್ಕಳು, ಮತ್ತೆ ಹಂಡೆ ಇಳಿಸಿದಳು. ಪವಾಡ ನೋಡಲು ಜನ ದೂರದೂರದ ಮಠಗಳಿಗೆ ಹೋಗುತ್ತಾರೆ. ನಾನು ಅದನ್ನು ನಮ್ಮ ಮನೆಯ ಊಟದ ಮೇಜಿನ ಹತ್ತಿರ, ದಿನಕ್ಕೆ ಮೂರು ಸಲ ನೋಡಿದ್ದೇನೆ.

ಎರಡು ವರ್ಷದ ಹಿಂದೆ ಮಾತ್ರೆ ನಮ್ಮ ದೇಶದ ಅಂಗಡಿಗಳಿಂದ ಮಾಯವಾಯಿತು. ನಾನು ನಿಮಗೆ ಮೊದಲ ಪತ್ರ ಬರೆದೆ. ಉತ್ತರ ಬಂತು, ಈಗಲೂ ಜೋಪಾನ ಮಾಡಿದ್ದೇನೆ. ತಯಾರಕರು ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿಲ್ಲ ಎಂದು ಮೊದಲ ಪ್ಯಾರಾ. ರೋಗಿಗಳ ಸಂಖ್ಯೆ ಗಣನೀಯವಾಗಿದ್ದರೆ ಕಚೇರಿಯೇ ವಿಶೇಷ ಆಮದಿಗೆ ಕ್ರಮ ಕೈಗೊಳ್ಳಬಹುದು ಎಂದು ಎರಡನೆಯದು. ಮೂರನೆಯದರಲ್ಲಿ, ಕಳೆದ ತಿಂಗಳು ನಮ್ಮ ಜಿಲ್ಲೆಯಲ್ಲಿ ಈ ಔಷಧ ಕೊಂಡ ರೋಗಿಗಳ ಸಂಖ್ಯೆ: ಸೊನ್ನೆ.

ಮಾನ್ಯರೇ, ಅಂಗಡಿಯಲ್ಲಿ ಇಲ್ಲದ ಮಾತ್ರೆಯನ್ನು ಅಂಗಡಿಯಲ್ಲಿ ಕೊಂಡವರು ಎಷ್ಟು ಜನ ಎಂದು ಎಣಿಸಿ, ಯಾರೂ ಕೊಳ್ಳದ ಕಾರಣ ಅದು ಯಾರಿಗೂ ಬೇಡ ಎಂದು ತೀರ್ಮಾನಿಸಲು ಎಂಥ ಏಕಾಗ್ರತೆ ಬೇಕು! ನಾನು ಶಾಲೆಯಲ್ಲಿ ಕವಿತೆ ಪಾಠ ಮಾಡುವವಳು. ಇರುವುದನ್ನು ಇಲ್ಲವಾಗಿಸುವ, ಇಲ್ಲದ್ದನ್ನು ಇರುವಂತೆ ಮಾಡುವ ಅಧಿಕಾರ ಕವಿಗಳಿಗೆ ಮಾತ್ರ ಇದೆ ಎಂದುಕೊಂಡಿದ್ದೆ. ನಿಮ್ಮ ಅಂಕಿಸಂಖ್ಯಾ ವಿಭಾಗದ ಬಗ್ಗೆ ನನಗೆ ತಿಳಿದಿರಲಿಲ್ಲ.

ಹಾರ್ಮೋನುಗಳಿಗೇನು ಬರವೇ? ನಮ್ಮೂರಿನ ಔಷಧದ ಅಂಗಡಿಗೆ ಹೋಗಿ ನೋಡಿ. ನನ್ನ ವಯಸ್ಸಿನ ಹೆಂಗಸರ ಚರ್ಮ ನುಣುಪಾಗಿಸಲು, ನನ್ನ ಗಂಡನ ವಯಸ್ಸಿನವರ ತೋಳು ದಪ್ಪಗಾಗಿಸಲು, ಸೊಂಟ ಇಳಿಸಲು, ಕೂದಲು ಏರಿಸಲು ಒಂದು ಗೋಡೆಯ ತುಂಬ ಸಾಲುಸಾಲಾಗಿ ಲೇಪ, ಗುಳಿಗೆ, ಸೂಜಿ. ಬಸ್ ನಿಲ್ದಾಣದ ಜಾಹೀರಾತಿನಲ್ಲಿ ಒಬ್ಬ ಬಿಳಿಗೂದಲಿನ ಮಹಾಶಯ ಪರ್ವತ ಹತ್ತುತ್ತಿದ್ದಾನೆ. ಯೌವನಕ್ಕೆ ಪರವಾನಗಿ ಇದೆ. ಜೀವಕ್ಕೆ ಅರ್ಜಿ ಹಾಕುವವರಿಲ್ಲ, ಏಕೆಂದರೆ ಆ ಬಿಳಿ ಮಾತ್ರೆಯಿಂದ ಯಾರಿಗೂ ಲಾಭವಿಲ್ಲ. ಬದಲಿಗೆ ಇನ್ನೊಂದು ಮಾತ್ರೆ ಬಳಸಬಹುದು ಎಂದು ನೀವು ಸಲಹೆ ಕೊಟ್ಟಿದ್ದಿರಿ. ಬಳಸಿದೆವು. ಐದು ವಾರಕ್ಕೆ ಸಕ್ಕರೆ ಏರಿ ಬಿಲ್ಯಾನಾ ಮತ್ತೆ ಆಸ್ಪತ್ರೆ ಸೇರಿದಳು. ಡಾಕ್ಟರ್ ಚೆರ್ನೇವಾ ಅವಳ ಕಡತದ ಮೇಲೆ ಕೆಂಪು ಶಾಯಿಯಲ್ಲಿ "ಇನ್ನೆಂದೂ ಬೇಡ" ಎಂದು ಬರೆದರು.

ಆಗ ನಮ್ಮ ಕೈ ಹಿಡಿದದ್ದು ಶುಕ್ರವಾರದ ಬಸ್ಸು. ಗಡಿಯ ಈಚೆ ಇರುವ ನಮ್ಮಂಥ ಊರುಗಳ ಹೆಂಗಸರು ಪ್ರತಿ ಶುಕ್ರವಾರ ಟರ್ಕಿಯ ಒದ್ರಿನ್ ಸಂತೆಗೆ ಹೋಗುತ್ತೇವೆ. ಟವೆಲು, ಪರದೆ, ಅಕ್ರೋಟು, ಟೀ ಲೋಟ. ಆ ಬಸ್ಸಿನ ಸೀಟು ಹಂಚುವ, ಜಗಳ ಬಿಡಿಸುವ, ಅಗತ್ಯ ಬಿದ್ದರೆ ಜಗಳ ಹಚ್ಚುವ ಕೆಲಸ ನಮ್ಮ ಸೋದರತ್ತೆ ಸ್ತಾನ್ಕಾಳದು. ಅವಳಿಗೆ ಎಪ್ಪತ್ತೊಂದು. ಒದ್ರಿನ್‌ನಲ್ಲಿ ನುರೆತ್ತಿನ್ ಸಾಹೇಬರ ಔಷಧದ ಅಂಗಡಿ ಇದೆ. ಎರಡು ವರ್ಷ ಅವರು ನಮಗಾಗಿ ತಿಂಗಳಿಗೆ ಎರಡೋ ಮೂರೋ ಡಬ್ಬಿ ತೆಗೆದಿಟ್ಟರು. ಈ ಮೇ ತಿಂಗಳಲ್ಲಿ ಫೋನ್ ಮಾಡಿ ಹೇಳಿದರು: "ದೊಡ್ಡ ಪೆಟ್ಟಿಗೆ ಬಂದಿದೆ ತಾಯಿ. ಇನ್ನು ಶರತ್ಕಾಲದವರೆಗೆ ಬರಲ್ಲ. ಆದಷ್ಟೂ ತಗೊಂಡ್ಹೋಗಿ." ಗಡಿಯಲ್ಲಿ ಒಬ್ಬರಿಗೆ ಒಂದು ಡಬ್ಬಿ, ಸ್ವಂತ ಬಳಕೆಗೆ ಮಾತ್ರ. ಬಸ್ಸಿನಲ್ಲಿದ್ದವರು ಮೂವತ್ತೊಂದು ಹೆಂಗಸರು. ಮೂವತ್ತೊಂದು ಡಬ್ಬಿ ಎಂದರೆ ನನ್ನ ತಂಗಿಗೆ ಒಂದು ವರ್ಷ. ಒಬ್ಬೊಬ್ಬರ ಕೈಚೀಲದಲ್ಲಿ ಒಂದೊಂದು ಡಬ್ಬಿ ಇಡಿಸಿ ಅತ್ತೆ ಅಪ್ಪಣೆ ಕೊಟ್ಟಳು: "ಯಾರಾದ್ರೂ ಕೇಳಿದ್ರೆ ನಂಗೇ ಅನ್ನಿ. ಬಿಲ್ಯಾನಾ, ನೀನು ಬಾಯಿ ಬಿಡ್ಬೇಡ."

ಹೌದು ಮಾನ್ಯರೇ, ಸುಳ್ಳು ಹೇಳಿದೆವು. ಹೇಗೆ ಹೇಳಿದೆವು ಎಂಬುದನ್ನೂ ಬರೆಯುತ್ತೇನೆ, ನಿಮ್ಮ ಕಡತಕ್ಕೆ ಅನುಕೂಲವಾಗಲಿ.

ಗಡಿಯಲ್ಲಿ ಬಸ್ಸು ಹತ್ತಿದ ಅಧಿಕಾರಿ ಎಳೆಯ ವಯಸ್ಸಿನವನು, ಒಳ್ಳೆಯ ಮನೆತನದವನಂತೆ ಕಂಡ. ಮೊದಲ ನಾಲ್ಕು ಚೀಲ ತೆಗೆಸಿದ. ನಾಲ್ಕರಲ್ಲೂ ಒಂದೇ ಡಬ್ಬಿ. ಐದನೆಯವಳು ಸ್ತಾನ್ಕಾ ಅತ್ತೆ.

"ಏನಜ್ಜಿ ಇದು? ಯಾವ ಕಾಯಿಲೆಗೆ?"

"ಅಡ್ರಿನಲ್ ಹೋಗಿದೆ ಕಣಪ್ಪ."

"ಅದು ಎಲ್ಲಿರತ್ತೆ?"

"ಹೋಗಿದೆ ಅಂತ ಹೇಳ್ತಿದೀನಿ, ಎಲ್ಲಿದೆ ಅಂತ ಕೇಳ್ತೀಯಲ್ಲೋ!"

"ಇದು ಸ್ಟೆರಾಯ್ಡ್ ಅಜ್ಜಿ. ಜಿಮ್ ಹುಡುಗ್ರು ಮೈ ಬೆಳೆಸೋಕೆ ಕದ್ದು ತರಿಸ್ಕೊಳ್ತಾರೆ, ಗೊತ್ತಾ?"

ಅತ್ತೆ ಅಂಗಿಯ ತೋಳು ಮೇಲೆ ಸರಿಸಿ, ಜೋತುಬಿದ್ದ ತೋಳನ್ನು ಅವನ ಮುಖದ ಮುಂದೆ ಹಿಡಿದಳು. "ನೋಡು, ಮುಟ್ಟಿ ನೋಡು. ಇನ್ನೂ ಎರಡು ಡಬ್ಬಿ ಬೇಕಾಗತ್ತೆ ಅನ್ಸತ್ತೆ."

ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ. ಆದರೆ ನಮೂನೆ ತೆಗೆದು ಹೆಸರು ಬರೆಯಲು ಶುರುಮಾಡಿದ. ಹೆಸರು, ವಯಸ್ಸು, ಕಾಯಿಲೆ, ಎಷ್ಟು ದಿನದಿಂದ. ಹನ್ನೊಂದನೆಯವಳು "ಹುಟ್ಟಿದಾಗ್ಲಿಂದ" ಎಂದಳು. ಹದಿನೇಳನೆಯವಳು ನಾನು. ಸಾಹಿತ್ಯದ ಅಧ್ಯಾಪಕಿಗೆ ತಕ್ಕಂತೆ ತಲೆಸುತ್ತು, ನಿಶ್ಶಕ್ತಿ, ಉಪ್ಪಿನ ಹಂಬಲ ಎಲ್ಲವನ್ನೂ ವರ್ಣಿಸಿದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ, ಯಾರ ಲಕ್ಷಣ ಎನ್ನುವುದೊಂದನ್ನು ಬಿಟ್ಟು. ಚಾಲಕ ಮೆತೋದಿಯನ್ನೂ ಕೇಳಿದ: "ನಿಮಗೂ ಈ ಕಾಯಿಲೇನಾ?"

"ಪ್ರತಿ ಶುಕ್ರವಾರ ಇವ್ರ ಜತೆ ನಾಲ್ಕು ತಾಸು ಬಸ್ಸಲ್ಲಿರ್ತೀನಿ ಸ್ವಾಮಿ. ಯಾವ ಗ್ರಂಥಿ ಉಳಿಯತ್ತೆ ಹೇಳಿ."

ಅವನು ನಮ್ಮನ್ನು ಬಿಟ್ಟುಬಿಡುತ್ತಿದ್ದ ಎಂದೇ ಇವತ್ತಿಗೂ ನಂಬಿದ್ದೇನೆ. ನಿಯಮದ ಪ್ರಕಾರ ತಲೆಗೊಂದು ಡಬ್ಬಿ; ನಿಯಮ ಮುರಿದಿರಲಿಲ್ಲ. ಆದರೆ ಮೂವತ್ತನೆಯವಳು ಪೆನ್ಕಾ ಅಜ್ಜಿ, ಎಂಬತ್ತಮೂರು ವರ್ಷ, ಕಿವಿ ಮಂದ. ಅವನು ಜೋರಾಗಿ ಕೇಳಿದ್ದಕ್ಕೆ ಹೆದರಿ ಅಳತೊಡಗಿದಳು. ಹಿಂದಿನ ಸೀಟಿನಲ್ಲಿದ್ದ ನನ್ನ ತಂಗಿ ಎದ್ದು ನಿಂತಳು.

"ಅವ್ರನ್ನ ಬಿಟ್ಬಿಡಿ ಸಾರ್. ಯಾರಿಗೂ ಏನೂ ಆಗಿಲ್ಲ. ಕಾಯಿಲೆ ಇರೋದು ನಂಗೆ. ಎಲ್ಲಾ ಡಬ್ಬೀನೂ ನಂದೇ."

ಬಸ್ಸಿನಲ್ಲಿ ಅದೊಂದೇ ಸತ್ಯವಾದ ಮಾತು. ಹಾಗಾಗಿ ಅದೊಂದಕ್ಕೇ ಶಿಕ್ಷೆಯಾಯಿತು. ಮೂವತ್ತೊಂದು ಜನರ ಬಳಿ ಮೂವತ್ತೊಂದು ಡಬ್ಬಿ ಇದ್ದರೆ ಅದು ಔಷಧ. ಒಬ್ಬಳದೇ ಮೂವತ್ತೊಂದು ಡಬ್ಬಿ ಎಂದಾದರೆ ಅದು ವ್ಯಾಪಾರದ ಸರಕು. ಡಬ್ಬಿಗಳೆಲ್ಲ ಜಪ್ತಿಯಾದವು. ಅವನ ಮುಖ ಸಪ್ಪಗಾಗಿತ್ತು. ಮೇಲಿನವರನ್ನು ಫೋನಿನಲ್ಲಿ ಎರಡು ಸಲ ಕೇಳಿದ. ಅಷ್ಟರಲ್ಲಿ ತುಂಬಿದ್ದ ಮೂವತ್ತು ನಮೂನೆಗಳನ್ನು ಹರಿದುಹಾಕುವಂತಿಲ್ಲ, ಅವುಗಳ ಮೇಲೆ ಕ್ರಮಸಂಖ್ಯೆ ಇರುತ್ತದೆ. ಅವು ನಿಮ್ಮ ಕಚೇರಿಗೆ ಬಂದವು. ಮೂವತ್ತೊಂದನೆಯದರಲ್ಲಿ ಕಾಯಿಲೆಯ ಜಾಗಕ್ಕೆ ಅಡ್ಡಗೆರೆ ಎಳೆದು "ಆಮದುದಾರಳು" ಎಂದು ಬರೆಯಲಾಗಿತ್ತು.

ಈಗ ನಿಮ್ಮ ಪತ್ರಗಳಿಗೆ ಬರುತ್ತೇನೆ. ಎರಡು ವರ್ಷ ಸೊನ್ನೆ ರೋಗಿಗಳಿದ್ದ ಊರಿನಲ್ಲಿ ಒಂದೇ ಶುಕ್ರವಾರ ಮೂವತ್ತು ಜನ ಸಿಕ್ಕಿದ್ದರಿಂದ ನೀವು ಕಳವಳಗೊಂಡಿದ್ದೀರಿ. ಅಸಾಮಾನ್ಯ ದಟ್ಟಣೆ ಎಂದಿದ್ದೀರಿ. ನಮ್ಮ ಬಾವಿ ನೀರು ಪರೀಕ್ಷಿಸಲು ಮೊನ್ನೆ ಇಬ್ಬರು ಬಂದು ಬಾಟಲಿ ತುಂಬಿಕೊಂಡು ಹೋದರು. ಜೂನ್ ಇಪ್ಪತ್ತೆರಡಕ್ಕೆ ತಜ್ಞರ ಸಮಿತಿ ಬರುತ್ತದಂತೆ, ಮೂವತ್ತು ಜನರೂ ರಕ್ತ ಕೊಡಬೇಕಂತೆ, ಹಿಂದಿನ ದಿನವೇ ಹಾರ್ಮೋನು ಮಾತ್ರೆ ನಿಲ್ಲಿಸಬೇಕಂತೆ. ಖಂಡಿತ ನಿಲ್ಲಿಸುತ್ತೇನೆ. ಶುರುವೇ ಮಾಡದ್ದನ್ನು ನಿಲ್ಲಿಸುವುದು ನನಗೆ ಕಷ್ಟವಲ್ಲ. ಪೆನ್ಕಾ ಅಜ್ಜಿ ಹೊಸ ಸ್ವೆಟರ್ ಹೆಣೆದುಕೊಳ್ಳುತ್ತಿದ್ದಾಳೆ. ರಾಜಧಾನಿಯ ವೈದ್ಯರು ಅವಳನ್ನು ನೋಡಲು ಬರುವುದು ಇದೇ ಮೊದಲು. ನಮ್ಮಮ್ಮ ಬರುವವರಿಗೆ ಪೇಸ್ಟ್ರಿ ಮಾಡುತ್ತೇನೆಂದಿದ್ದಾಳೆ. ಸಮಿತಿಯವರು ಮೂವತ್ತು ಆರೋಗ್ಯವಂತ ಹೆಂಗಸರ ರಕ್ತ ತೆಗೆದುಕೊಂಡು ಹೋಗಲಿ, ನಮಗೆ ಅಡ್ಡಿಯಿಲ್ಲ. ಆದರೆ ಅದೇ ಬೀದಿಯಲ್ಲಿ ಅವರು ಹುಡುಕುವ ಕಾಯಿಲೆ ಇರುವ ಒಬ್ಬಳೇ ಒಬ್ಬಳ ಮನೆಯ ಬಾಗಿಲು ತಟ್ಟುವಂತಿಲ್ಲವಲ್ಲ? ಅವಳು ಪಟ್ಟಿಯಲ್ಲಿಲ್ಲ. ಅವಳ ಕಡತ ಬೇರೆ ವಿಭಾಗದ್ದು.

ಆ ಬೇರೆ ವಿಭಾಗದ ನೋಟೀಸು ಹೀಗಿದೆ: ವಿಚಾರಣೆ ಜುಲೈ ಮೂರಕ್ಕೆ. ಅಲ್ಲಿಯವರೆಗೆ ಸಾಕ್ಷ್ಯವನ್ನು ಮುಟ್ಟುವಂತಿಲ್ಲ. ಅಲ್ಲಿಯವರೆಗೆ ಆಪಾದಿತಳಾಗಲಿ ಅವಳ ಪರವಾಗಿ ಬೇರೆಯವರಾಗಲಿ ಈ ಔಷಧ ತರುವಂತಿಲ್ಲ. ನಾನು ಆಸ್ಪತ್ರೆಗೆ ಹೋಗಿ ಕೇಳಿದೆ. ಡಾಕ್ಟರ್ ಚೆರ್ನೇವಾ ನನ್ನ ಮುಖ ನೋಡದೆ ಹೇಳಿದರು: "ಇಂಜೆಕ್ಷನ್ ಎರಡೇ ಉಳಿದಿರೋದು ಮೇಡಂ. ಅವ್ರು ಬಿದ್ಮೇಲೆ ಮಾತ್ರ ಕೊಡಬಹುದು ಅಂತ ಆದೇಶ ಇದೆ. ಬೀಳೋಕೆ ಮುಂಚೆ ಕೊಟ್ರೆ ನಾನು ಉತ್ತರ ಹೇಳ್ಬೇಕು."

ಕಳೆದ ಭಾನುವಾರ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಬಿಲ್ಯಾನಾಳಿಗೆ ಹೇಳಿದಳು, "ಏನೇ, ಎಷ್ಟು ಚೆಂದ ಬಣ್ಣ ಬಂದಿದೆ ನಿಂಗೆ!" ಒಳಗೆ ಕರೆದು ಅಂಗೈ ತೋರಿಸು ಎಂದೆ. ತೋರಿಸಲಿಲ್ಲ. ಕೈ ಹಿಡಿದೆಳೆದು ನೋಡಿದೆ.

"ಎಷ್ಟು ತಗೋತಿದೀಯ?"

"ತಗೋತಿದೀನಲ್ಲಕ್ಕಾ."

"ಎಷ್ಟು?"

"ಅರ್ಧ. ದಿನಕ್ಕೆ ಎರಡು ಸಲ." ಬ್ರೆಡ್ ಕುಯ್ಯುವ ಹಲಗೆಯ ಅಂಚಿನಲ್ಲಿ ಬಿಳಿ ಪುಡಿ ಅಂಟಿತ್ತು. "ಬಸ್ಸಿನ ಮಾರನೇ ದಿನದಿಂದ್ಲೇ ಶುರು ಮಾಡ್ದೆ. ಲೆಕ್ಕ ಹಾಕಿದೀನಿ ಅಕ್ಕಾ. ಉಳಿದಿರೋದನ್ನ ನಾಳೆಯಿಂದ ಪೂರ್ತಿ ತಗೊಂಡ್ರೆ ಜೂನ್ ಹತ್ತೊಂಬತ್ತಕ್ಕೆ ಮುಗೀತು. ಹೀಗೇ ಅರ್ಧ ತಗೊಂಡ್ರೆ ಜೂನ್ ಮೂವತ್ತರವರೆಗೆ ಬರತ್ತೆ. ಮೂರು ದಿನ ಅಷ್ಟೇ ಕಮ್ಮಿ ಬೀಳೋದು."

"ಮೂರು ದಿನ ಏನ್ ಮಾಡ್ತೀಯ?"

"ಮಲಗಿರ್ತೀನಿ." ಆಮೇಲೆ ನಗಲು ನೋಡಿದಳು. "ಆವತ್ತು ಬಾಯಿ ಮುಚ್ಕೊಂಡಿದ್ದಿದ್ರೆ ಆಗ್ತಿತ್ತು ಅಲ್ವಾ? ಅತ್ತೆ ಹೇಳಿದ್ಲು."

ಇದಕ್ಕೆ ನಾನು ಏನು ಹೇಳಬೇಕಿತ್ತು ಮಾನ್ಯರೇ? ನಾನು ಮಕ್ಕಳಿಗೆ ಪಾಠ ಹೇಳುವವಳು. ಸತ್ಯ ಹೇಳಬಾರದಿತ್ತು ಎಂದು ನನ್ನ ತಂಗಿಗೆ ಯಾವ ಬಾಯಿಂದ ಹೇಳಲಿ? ಆ ಪಾಠವನ್ನು ನೀವೇ ಬಂದು ಮಾಡಬೇಕು. ಈಗ ಜ್ವರವೊಂದು ಬಂದರೂ ಸಾಕು, ಅವಳಿಗೆ ಎರಡು ಪಟ್ಟು ಮಾತ್ರೆ ಬೇಕು. ಶಿಶುವಿಹಾರದಲ್ಲಿ ಎಪ್ಪತ್ತು ಮಕ್ಕಳು ಮೂಗು ಸುರಿಸಿಕೊಂಡು ಅವಳ ಏಪ್ರನ್ ಹಿಡಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಪರವಾನಗಿ ಯಾವಾಗ ಕೊಡುತ್ತೀರಿ, ವಿಶೇಷ ಆಮದು ಯಾವಾಗ, ಅವನ್ನೆಲ್ಲ ಆಮೇಲೆ ಜಗಳವಾಡೋಣ. ನಾನು ಹೋಗುವುದಿಲ್ಲ ಎಲ್ಲಿಗೂ. ಸದ್ಯಕ್ಕೆ ಗೋದಾಮಿನಲ್ಲಿರುವ ಮೂವತ್ತೊಂದು ಡಬ್ಬಿಗಳಲ್ಲಿ ಎರಡನ್ನು, ಎರಡೇ ಡಬ್ಬಿಗಳನ್ನು, ಈ ಜೂನ್ ಹತ್ತೊಂಬತ್ತರೊಳಗೆ ಡಾಕ್ಟರ್ ಚೆರ್ನೇವಾ ಅವರ ಕೈಗೆ ಕಳಿಸಿಕೊಡಿ. ಉಳಿದ ಇಪ್ಪತ್ತೊಂಬತ್ತು ಡಬ್ಬಿ ಸಾಕ್ಷ್ಯ ಹೇಳಲು ಧಾರಾಳ ಸಾಕು. ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಇದ್ದರೆ ಸುಳ್ಳು ಹೇಳಿದ ಮೂವತ್ತು ಜನರಿಗೆ ಕೊಡಿ. ವಿಳಾಸಗಳೆಲ್ಲ ನಿಮ್ಮಲ್ಲಿವೆ, ನೀವೇ ಬರೆಸಿಕೊಂಡದ್ದು.

ನೋಟೀಸಿನ ಕೊನೆಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿದೆ. ಜುಲೈ ಮೂರರಂದು ಆಪಾದಿತಳು ಖುದ್ದಾಗಿ ಹಾಜರಾಗದಿದ್ದಲ್ಲಿ, ಗೈರುಹಾಜರಿಯ ಸಕಾರಣವನ್ನು ಮುಂಚಿತವಾಗಿ ಲಿಖಿತದಲ್ಲಿ ತಿಳಿಸತಕ್ಕದ್ದು ಎಂದು. ಡಬ್ಬಿಗಳು ಬಾರದೆ ಹೋದರೆ ಅವಳು ಹಾಜರಾಗುವುದಿಲ್ಲ. ಸಕಾರಣವನ್ನು ಮುಂಚಿತವಾಗಿ, ಲಿಖಿತದಲ್ಲಿ, ಇಲ್ಲಿ ತಿಳಿಸಿದ್ದೇನೆ.

ಇಂತಿ,
ನಿಮ್ಮ ಪಟ್ಟಿಯ ಹದಿನೇಳನೇ ರೋಗಿ, ಯಾವ ಔಷಧವೂ ಬೇಕಿಲ್ಲದ
ಇಸ್ಕ್ರಾ ವೆಲ್ಕೋವಾ
ಜೂನ್ ೯